ಕಬ್ಬಿಣದ ನೇಗಿಲು

ಉದ್ಯಮವನ್ನು ಹೂಡುವವನಿಗೆ ಮೊದಲು ಬೇಕಾದುದು ಹಣ ಎಂಬ ನಂಬಿಕೆ ನಮ್ಮ ಜನರಲ್ಲಿ ಬಹು ಹಿಂದಿನಿಂದಲೂ ಬೇರೂರಿದೆ. ವ್ಯಾಪಾರವೆಂಬುದು ವ್ಯಾಪಾರಸ್ಥರ ಮನೆತನದಲ್ಲಿ ಹುಟ್ಟಿದವರಿಗೆ ಮಾತ್ರ ಒಪ್ಪುವ ಕೆಲಸ, ಓದಿದವನಿಗೆ ನೌಕರಿಯೇ ತಕ್ಕದ್ದು ಎಂದು ಹೇಳುವ ಹಿರಿಯರನ್ನು ಇಂದಿಗೂ ಕಾಣಬಹುದು. ಈ ಎರಡು ಅಭಿಪ್ರಾಯಗಳಿಗೂ ಹೊರತಾಗಿ ಬಾಳಿದ ಒಬ್ಬರು ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಜನಿಸಿದರು. ಅವರ ತಂದೆ ವೇದಾಂತಿಗಳು, ಮನೆಯಲ್ಲಿ ಹಣವಿರಲಿಲ್ಲ, ವಂಶದಲ್ಲಿ ಯಾರೂ ಸುತ್ತಿಗೆ ಹಿಡಿದವರಲ್ಲ. ಆದರೂ ಅವರು ಎರಕ ಹೊಯ್ದ ಕಬ್ಬಿಣದ ನೇಗಿಲು ಕೃಷ್ಣಾ, ಮಲಪ್ರಭಾ ನದಿಗಳ ಕಪ್ಪು ನೆಲವನ್ನು ಉತ್ತಿತು. ಅವರೇ ಲಕ್ಷ್ಮಣರಾವ್ ಕಿರ್ಲೋಸ್ಕರರು.

ಲಕ್ಷ್ಮಣರಾಯರು 1869ನೆಯ ಇಸವಿ ಜೂನ್ 20ರಂದು ಗುರ್ಲಹೊಸೂರಿನಲ್ಲಿ ಹುಟ್ಟಿದರು. ಈ ಗ್ರಾಮ ಈಗಿನ ಸವದತ್ತಿ ತಾಲೂಕಿಗೆ ಸೇರಿದೆ. ಆಗ ಅದು ಮುಂಬಯಿ ಪ್ರಾಂತದ ಒಂದು ಭಾಗವಾಗಿತ್ತು. ಮರಾಠಿ ಸಂಗೀತ ನಾಟಕಕ್ಕೆ ತಳಹದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಇದೇ ಊರಿನವರು. ಚಿಕ್ಕದೊಂದು ಊರು ರಂಗಭೂಮಿಗೊಬ್ಬರನ್ನೂ ಕೈಗಾರಿಕೆಗೊಬ್ಬರನ್ನೂ ಕೊಟ್ಟಿತೆಂಬುದು ನೆನಪಿನಲ್ಲಿಡತಕ್ಕ ಸಂಗತಿ. ತಂದೆ ಕಾಶೀನಾಥಪಂತರು ಶಾಸ್ತ್ರಾಧ್ಯಯನದಲ್ಲಿ ನಿರತರಾದವರು. ಮಗನೂ ಚೆನ್ನಾಗಿ ಓದಿ ಮನೆತನಕ್ಕೆ ಕೀರ್ತಿ ತರಲಿ ಎಂದು ಅವರು ಬಯಸಿದ್ದು ಸಹಜವೇ. ಆದರೆ ಹುಡುಗನಿಗೆ ಶಾಲೆಯ ಪುಸ್ತಕಗಳಲ್ಲಿ ಮನಸ್ಸು ನಿಲ್ಲಲಿಲ್ಲ. ಅವನ ಮನಸ್ಸು ಎರಡು ವಿಷಯಗಳ ಕಡೆಗೆ ಹರಿಯುತ್ತಿತ್ತು: ಒಂದು ಚಿತ್ರಕಲೆ, ಇನ್ನೊಂದು ಯಂತ್ರ. ಇವೆರಡರಿಂದಲೂ ಹೊಟ್ಟೆ ತುಂಬುತ್ತದೆಂದು ಅಂದಿನ ಹಿರಿಯರು ನಂಬುವಂತಿರಲಿಲ್ಲ.

ತಂದೆಯ ಮನಸ್ಸಿಗೆ ಒಪ್ಪದಿದ್ದರೂ ಹಿರಿಯಣ್ಣ ರಾಮಚಂದ್ರರಾಯರು ತಮ್ಮನ ಬೆಂಬಲಕ್ಕೆ ನಿಂತರು. ಇವರನ್ನು ಎಲ್ಲರೂ ರಾಮುಅಣ್ಣ ಎಂದು ಕರೆಯುತ್ತಿದ್ದರು. 1885ರಲ್ಲಿ ಲಕ್ಷ್ಮಣರಾಯರು ಮುಂಬಯಿಗೆ ಹೋಗಿ ಪ್ರಸಿದ್ಧವಾದ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಚಿತ್ರಕಾರನಾಗಬೇಕೆಂಬ ಹಂಬಲ ಅಲ್ಲಿ ಕೈಗೂಡುವಂತೆ ಕಂಡಿತು. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ಅವರ ಕಣ್ಣಿನ ದೋಷವೊಂದು ಬೆಳಕಿಗೆ ಬಂದಿತು. ಅವರಿಗೆ ಕೆಲವು ಬಣ್ಣಗಳ ನಡುವಣ ಭೇದ ತಿಳಿಯುತ್ತಿರಲಿಲ್ಲ. ಬಣ್ಣವನ್ನು ಗುರುತಿಸಲಾರದವನು ಚಿತ್ರಕಾರನಾಗುವುದು ಹೇಗೆ? ಹದಿನೆಂಟರ ಹರೆಯದಲ್ಲಿ, ಮನೆಯವರ ಮಾತನ್ನು ಮೀರಿ ಹಿಡಿದ ದಾರಿ ಹೀಗೆ ಮುಚ್ಚಿಹೋದಾಗ ಆ ತರುಣನ ಮನಸ್ಸು ಎಷ್ಟು ನೊಂದಿರಬೇಕೆಂಬುದನ್ನು ಊಹಿಸಬಹುದು. ಆದರೆ ಅವರು ಊರಿಗೆ ಮರಳಲಿಲ್ಲ. ಕಲಿತುದರಲ್ಲಿ ಬಣ್ಣದ ಅಗತ್ಯವಿಲ್ಲದ ಭಾಗ ಯಾವುದೆಂದು ನೋಡಿದರು. ಯಂತ್ರಗಳ ರೇಖಾಚಿತ್ರಕ್ಕೆ ಬಣ್ಣ ಬೇಕಿಲ್ಲ. ಅಳತೆ ಮತ್ತು ಗೆರೆ ಸರಿಯಾಗಿದ್ದರೆ ಸಾಕು. ಆ ವಿದ್ಯೆಯನ್ನು ಅವರು ಶ್ರದ್ಧೆಯಿಂದ ಕಲಿತರು.

ಅದೇ ಕಾಲದಲ್ಲಿ ಮುಂಬಯಿಯಲ್ಲಿ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಶಿಕ್ಷಣ ಸಂಸ್ಥೆ ಸ್ಥಾಪಿತವಾಗಿತ್ತು. ಲಕ್ಷ್ಮಣರಾಯರಿಗೆ ಅಲ್ಲಿ ಯಂತ್ರರೇಖಾಚಿತ್ರವನ್ನು ಕಲಿಸುವ ಸಹಾಯಕ ಶಿಕ್ಷಕರ ಕೆಲಸ ದೊರೆಯಿತು. ಪಾಠ ಹೇಳುವುದು ಅವರ ನೌಕರಿ. ಆದರೆ ಬಿಡುವಿನ ವೇಳೆಯೆಲ್ಲ ಸಂಸ್ಥೆಯ ಕಾರ್ಯಾಗಾರದಲ್ಲೇ ಕಳೆಯುತ್ತಿತ್ತು. ಯಂತ್ರಗಳನ್ನು ಬಿಚ್ಚುವುದು, ಜೋಡಿಸುವುದು, ಕೆಟ್ಟದ್ದನ್ನು ಸರಿಪಡಿಸುವುದು ಇವನ್ನೆಲ್ಲ ಅವರು ತಮ್ಮ ಕೈಯಿಂದಲೇ ಮಾಡಿ ಕಲಿತರು. ಎಣ್ಣೆ ಮಸಿಗಳಿಂದ ಕೈ ಕೊಳೆಯಾಗುವುದನ್ನು ಓದಿದವರು ಕೀಳೆಂದು ಬಗೆಯುತ್ತಿದ್ದ ಕಾಲವದು. ಅಮೇರಿಕದಿಂದ ಬರುತ್ತಿದ್ದ ಯಂತ್ರಶಾಸ್ತ್ರದ ಪತ್ರಿಕೆಗಳನ್ನು ಓದುವ ಅಭ್ಯಾಸವೂ ಅವರಿಗಿತ್ತು. ಕಾಲೇಜಿನ ಪದವಿ ಪಡೆಯದ ಈ ಮನುಷ್ಯ ಮುಂದೆ ದೊಡ್ಡ ಯಂತ್ರತಜ್ಞರೆನಿಸಿದ್ದರ ರಹಸ್ಯ ಬಹುಮಟ್ಟಿಗೆ ಈ ಎರಡು ಅಭ್ಯಾಸಗಳಲ್ಲಿದೆ.

ಒಂದು ದಿನ ಮುಂಬಯಿಯ ಬೀದಿಯಲ್ಲಿ ಒಬ್ಬಾತ ಎರಡು ಗಾಲಿಗಳ ವಾಹನವನ್ನು ತುಳಿಯುತ್ತ ಹೋಗುತ್ತಿದ್ದುದನ್ನು ಲಕ್ಷ್ಮಣರಾಯರು ಕಂಡರು. ಬೈಸಿಕಲ್ ಅವರ ಕಣ್ಣಿಗೆ ಬಿದ್ದುದು ಅದೇ ಮೊದಲು. ಕಂಡವರೆಲ್ಲ ಬೆರಗಾಗಿ ನಿಂತಿರಬಹುದು, ಇವರೂ ಬೆರಗಾದರು. ಆದರೆ ಇವರ ಬೆರಗು ಅಷ್ಟಕ್ಕೇ ನಿಲ್ಲಲಿಲ್ಲ. ಇಂಥ ವಾಹನವನ್ನು ಬೆಳಗಾವಿಯಲ್ಲಿ ಮಾರಿದರೆ ಹೇಗೆ ಎಂದು ಅವರು ಯೋಚಿಸಿದರು. ಅವರು ಮುಂಬಯಿಯಲ್ಲಿ ಬೈಸಿಕಲ್ ಕೊಂಡು ಬೆಳಗಾವಿಗೆ ಕಳುಹಿಸುವುದು, ರಾಮುಅಣ್ಣ ಅದನ್ನು ಅಲ್ಲಿ ಮಾರುವುದು ಎಂದು ಏರ್ಪಾಡಾಯಿತು. ಹೀಗೆ 1888ರಲ್ಲಿ ಬೆಳಗಾವಿಯಲ್ಲಿ ಒಂದು ಚಿಕ್ಕ ಅಂಗಡಿ ತೆರೆಯಿತು. ಅದರ ಹೆಸರು ಕಿರ್ಲೋಸ್ಕರ ಬ್ರದರ್ಸ್, ಎಂದರೆ ಕಿರ್ಲೋಸ್ಕರ ಸೋದರರು.

ಆ ದಿನಗಳಲ್ಲಿ ಒಂದು ಬೈಸಿಕಲ್ಲಿಗೆ 700ರಿಂದ 1000 ರೂಪಾಯಿಗಳ ಬೆಲೆಯಿತ್ತು. ಅಷ್ಟು ಹಣ ಕೊಟ್ಟು ಕೊಳ್ಳುವವರು ಊರಿನಲ್ಲಿ ಎಷ್ಟು ಮಂದಿ ಇದ್ದಾರು? ಕೊಂಡವರಿಗಾದರೂ ಅದನ್ನು ಏರಿ ಸಾಗುವುದು ಗೊತ್ತಿರಲಿಲ್ಲ. ಆದ್ದರಿಂದ ರಾಮುಅಣ್ಣ 15 ರೂಪಾಯಿ ಶುಲ್ಕ ಪಡೆದು ಸವಾರಿಯನ್ನೂ ಕಲಿಸುತ್ತಿದ್ದರು. ಈ ಅಂಶವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಜನರು ಹಿಂದೆಂದೂ ಬಳಸದ ವಸ್ತುವನ್ನು ತಂದು ಅಂಗಡಿಯಲ್ಲಿಟ್ಟ ಮಾತ್ರಕ್ಕೆ ಮಾರಾಟವಾಗುವುದಿಲ್ಲ. ಬಳಸುವ ಬಗೆಯನ್ನೂ ಮಾರುವವನೇ ಕಲಿಸಬೇಕಾಗುತ್ತದೆ. ಲಕ್ಷ್ಮಣರಾಯರು ಮುಂದೆ ನೇಗಿಲನ್ನು ಮಾರಬೇಕಾಗಿ ಬಂದಾಗ ಈ ಅನುಭವ ಅವರ ನೆರವಿಗೆ ಬಂದಿತು. ನೌಕರಿಯನ್ನು ಬಿಡದೆ, ಸಾಲದ ಹೊರೆಯನ್ನು ಹೊರದೆ, ದೂರದಿಂದಲೇ ವ್ಯಾಪಾರದ ಏರಿಳಿತಗಳನ್ನು ಅರಿಯಲು ಈ ಅಂಗಡಿ ಅವಕಾಶ ಕೊಟ್ಟಿತೆಂಬುದೂ ಸಣ್ಣ ಮಾತಲ್ಲ. ಬೆಳಗಾವಿಯಲ್ಲಿ ಇಂದಿಗೂ ಒಂದು ಬೀದಿಗೆ ಕಿರ್ಲೋಸ್ಕರ ರಸ್ತೆ ಎಂಬ ಹೆಸರಿದೆ.

ನೌಕರಿಯ ಬಂಧನದಿಂದ ಅವರನ್ನು ಬಿಡಿಸಿದ್ದು ಒಂದು ಅನ್ಯಾಯ. ಸಂಸ್ಥೆಯಲ್ಲಿ ಮೇಲಿನ ಹುದ್ದೆಯೊಂದು ತೆರವಾದಾಗ ಅರ್ಹತೆ, ಅನುಭವಗಳ ಬಲದಿಂದ ಅದು ಲಕ್ಷ್ಮಣರಾಯರಿಗೆ ಸಲ್ಲಬೇಕಾಗಿತ್ತು. ಆದರೆ ಬ್ರಿಟಿಷರ ಆಳ್ವಿಕೆಯಲ್ಲಿ ಮೈಬಣ್ಣ ಅರ್ಹತೆಗಿಂತ ಮೇಲಾಗಿತ್ತು. ಹುದ್ದೆ ಒಬ್ಬ ಆಂಗ್ಲೋ-ಇಂಡಿಯನ್ನನಿಗೆ ಹೋಯಿತು. ಅವಮಾನವನ್ನು ನುಂಗಿಕೊಂಡು ತಿಂಗಳ ಸಂಬಳಕ್ಕಾಗಿ ಉಳಿದುಬಿಡುವುದು ಸುಲಭವಾಗಿತ್ತು. ಹಾಗೆ ಉಳಿದವರು ಆ ಕಾಲದಲ್ಲಿ ಸಾವಿರಾರು ಮಂದಿ. ಸಂಸಾರವನ್ನು ಸಾಕಬೇಕಾದ ಅವರನ್ನು ದೂರುವುದೂ ಸಲ್ಲದು. ಲಕ್ಷ್ಮಣರಾಯರು ಮಾತ್ರ ರಾಜೀನಾಮೆ ಕೊಟ್ಟು ಹೊರಬಂದರು. ಇನ್ನು ಮುಂದೆ ಯಾರ ಕೈಕೆಳಗೂ ದುಡಿಯುವುದಿಲ್ಲವೆಂದು ನಿಶ್ಚಯಿಸಿ ಪತ್ನಿ ರಾಧಾಬಾಯಿಯವರೊಡನೆ ಬೆಳಗಾವಿಗೆ ಬಂದರು.

ಬೆಳಗಾವಿಯಲ್ಲಿ ಅವರು ಬೈಸಿಕಲ್ಲುಗಳ ಜೊತೆಗೆ ನೀರೆತ್ತುವ ಗಾಳಿಯಂತ್ರಗಳ ವ್ಯಾಪಾರವನ್ನೂ ಕೈಗೊಂಡರು. ಆದರೆ ಪರದೇಶದ ಸರಕನ್ನು ತರಿಸಿ ಮಾರುವುದರಲ್ಲಿ ಅವರ ಮನಸ್ಸು ತಣಿಯಲಿಲ್ಲ. ತಮ್ಮ ಕೈಯಿಂದಲೇ ಏನನ್ನಾದರೂ ತಯಾರಿಸಬೇಕು ಎಂಬ ಆಸೆ ಬಲವಾಗಿತ್ತು. ಏನನ್ನು ತಯಾರಿಸಬೇಕು? ಸುತ್ತಲಿನ ಜನರೆಲ್ಲ ರೈತರು. ಅವರ ಹಿತ್ತಲಲ್ಲಿ ದನಗಳು, ದನಗಳಿಗೆ ಜೋಳದ ಕಣಿಕೆ. ಉದ್ದವಾದ ಕಣಿಕೆಯನ್ನು ಹಾಗೆಯೇ ಹಾಕಿದರೆ ದನಗಳು ಎಲೆಯನ್ನಷ್ಟು ತಿಂದು ಗಟ್ಟಿಯಾದ ದಂಟನ್ನು ಕಾಲಡಿಯಲ್ಲಿ ತುಳಿದು ಹಾಳುಮಾಡುತ್ತವೆ. ಸಣ್ಣಗೆ ಕತ್ತರಿಸಿ ಹಾಕಿದರೆ ಬಹುಪಾಲು ಉಳಿತಾಯವಾಗುತ್ತದೆ. ಈ ಕಾರಣದಿಂದ ಲಕ್ಷ್ಮಣರಾಯರು ಮೊದಲು ಮೇವು ಕತ್ತರಿಸುವ ಕೈಯಂತ್ರವನ್ನು ತಯಾರಿಸಿದರು. ಬರಗಾಲ ಮೇಲಿಂದ ಮೇಲೆ ಬಂದು ಮೇವಿಗೆ ಬಡಿದಾಡುತ್ತಿದ್ದ ನಾಡಿಗೆ ಅದು ಬೇಕಾದ ಯಂತ್ರವೇ ಆಗಿತ್ತು.

ಇದಾದ ಮೇಲೆ ಅವರು ನೇಗಿಲಿಗೆ ಕೈಹಾಕಿದರು. ಅಂದಿನ ರೈತನ ನೇಗಿಲು ಮರದ್ದು. ಊರಿನ ಬಡಗಿ ಜಾಲಿಯ ಮರದಿಂದ ಅದನ್ನು ಕೆತ್ತಿಕೊಡುತ್ತಿದ್ದ. ಕಮ್ಮಾರ ತುದಿಗೆ ಒಂದು ಕಬ್ಬಿಣದ ಕುಳವನ್ನು ಕೂಡಿಸುತ್ತಿದ್ದ. ಈ ನೇಗಿಲು ನೆಲವನ್ನು ಸೀಳುತ್ತದೆಯೇ ಹೊರತು ಮಣ್ಣನ್ನು ಮಗುಚುವುದಿಲ್ಲ. ಕಬ್ಬಿಣದ ನೇಗಿಲಿಗೆ ಬಾಗಿದ ರೆಕ್ಕೆಯೊಂದಿರುತ್ತದೆ. ಕುಳ ಸೀಳಿದ ಮಣ್ಣಿನ ಹೆಂಟೆಯನ್ನು ಆ ರೆಕ್ಕೆ ಎತ್ತಿ ಬುಡಮೇಲು ಮಾಡಿ ಪಕ್ಕಕ್ಕೆ ಕೆಡವುತ್ತದೆ. ಆಳದ ಮಣ್ಣಿಗೆ ಬಿಸಿಲು ಗಾಳಿ ತಾಗುತ್ತವೆ; ಕರಿಕೆಯಂತಹ ಕಳೆಯ ಬೇರುಗಳು ಮೇಲೆ ಬಂದು ಒಣಗಿ ಸಾಯುತ್ತವೆ; ಮಳೆಯ ನೀರು ಒಳಗಿಳಿದು ನಿಲ್ಲುತ್ತದೆ. ಉತ್ತರ ಕರ್ನಾಟಕದ ಕಪ್ಪು ನೆಲವನ್ನು ಬಲ್ಲವರಿಗೆ ಇದರ ಪ್ರಯೋಜನವನ್ನು ಬೇರೆ ಹೇಳಬೇಕಾಗಿಲ್ಲ. ಇಂಗ್ಲೆಂಡಿನಿಂದ ಇಂತಹ ನೇಗಿಲುಗಳು ಅಷ್ಟಿಷ್ಟು ಬರುತ್ತಿದ್ದವು. ಅಂಥದನ್ನು ಇಲ್ಲಿಯೇ, ಇಲ್ಲಿನ ಎತ್ತು ಇಲ್ಲಿನ ಮಣ್ಣುಗಳಿಗೆ ಹೊಂದುವಂತೆ ತಯಾರಿಸುವುದು ಲಕ್ಷ್ಮಣರಾಯರ ಉದ್ದೇಶ. 1903ರ ಸುಮಾರಿಗೆ ಅವರ ನೇಗಿಲು ಸಿದ್ಧವಾಯಿತು.

ನೇಗಿಲೇನೋ ಸಿದ್ಧವಾಯಿತು, ಕೊಳ್ಳುವವರು ಇರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ, ಬೆಳೆ ಕೈಕೊಡುತ್ತದೆ ಎಂಬ ಭಯ ರೈತರಲ್ಲಿ ಹರಡಿತ್ತು. ಇದನ್ನು ಕೇಳಿ ನಾವು ನಗಬಾರದು. ವರ್ಷಕ್ಕೊಂದು ಬೆಳೆಯನ್ನು ನಂಬಿ ಬದುಕುವವನು ಹೊಲದಲ್ಲಿ ಒಂದು ಪ್ರಯೋಗ ಮಾಡಿ ಸೋತರೆ ಆ ವರ್ಷವೆಲ್ಲ ಮಕ್ಕಳ ಬಾಯಿಗೆ ಮಣ್ಣು ಬೀಳುತ್ತದೆ. ಪ್ರಯೋಗದಲ್ಲಿ ತಯಾರಕನು ಕಳೆದುಕೊಳ್ಳುವುದು ಒಂದು ನೇಗಿಲನ್ನು, ರೈತನು ಕಳೆದುಕೊಳ್ಳುವುದು ಒಂದು ವರ್ಷದ ಅನ್ನವನ್ನು. ಈ ವ್ಯತ್ಯಾಸವನ್ನು ಲಕ್ಷ್ಮಣರಾಯರು ಅರಿತಿದ್ದರೆಂದೇ ತೋರುತ್ತದೆ. ಅವರು ರೈತರನ್ನು ಮೂಢರೆಂದು ಜರೆದು ಕೈಚೆಲ್ಲಲಿಲ್ಲ. ನೇಗಿಲಿನ ಗುಣವನ್ನು ತೋರಿಸಿಕೊಡುತ್ತ ಕಾದರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ತಯಾರಾದ ಸರಕು ಅಂಗಡಿಯಲ್ಲಿ ತುಕ್ಕು ಹಿಡಿಯುತ್ತಿರುವಾಗ ಎರಡು ವರ್ಷ ತಾಳ್ಮೆಯಿಂದ ಇರುವುದು ಎಷ್ಟು ಕಠಿನವೆಂಬುದು ವ್ಯಾಪಾರ ಮಾಡಿದವರಿಗೇ ಗೊತ್ತು.

ಮಾರಾಟವಾದ ನೇಗಿಲುಗಳೂ ದೋಷರಹಿತವಾಗಿರಲಿಲ್ಲ. ಗಟ್ಟಿ ನೆಲದಲ್ಲಿ ಕುಳದ ತುದಿ ಬೇಗನೆ ಸವೆಯುತ್ತಿತ್ತು. ಕೊಂಡವರಿಂದ ದೂರು ಬಂದಾಗ ಲಕ್ಷ್ಮಣರಾಯರು ರೈತ ಸರಿಯಾಗಿ ಉಳಲಿಲ್ಲವೆಂದು ವಾದಿಸಬಹುದಾಗಿತ್ತು; ಹಾಗೆ ವಾದಿಸುವ ತಯಾರಕರಿಗೆ ಇಂದೂ ಕೊರತೆಯಿಲ್ಲ. ಅವರು ದೂರನ್ನು ಒಪ್ಪಿ ಅದರ ಕಾರಣವನ್ನು ಹುಡುಕತೊಡಗಿದರು. ಕರಗಿದ ಬೀಡು ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದರೆ ಅದು ನಿಧಾನವಾಗಿ ಆರುತ್ತದೆ. ಆಗ ಅದರ ಮೇಲ್ಮೈ ಮೆತ್ತಗೆ ಉಳಿಯುತ್ತದೆ. ಅಚ್ಚಿನಲ್ಲಿ ತುದಿಯ ಭಾಗಕ್ಕೆ ಲೋಹದ ತುಂಡನ್ನು ಇಟ್ಟು ಹೊಯ್ದರೆ, ಆ ತಣ್ಣನೆಯ ಲೋಹಕ್ಕೆ ತಾಗಿದ ಕಡೆ ಎರಕ ಥಟ್ಟನೆ ಆರಿ ಗಾಜಿನಂತೆ ಗಡುಸಾಗುತ್ತದೆ. ಈ ವಿಧಾನವನ್ನು ಅನುಸರಿಸಿದ ಮೇಲೆ ಕಿರ್ಲೋಸ್ಕರರ ಕುಳ ಪರದೇಶದ ಕುಳಕ್ಕೆ ಸರಿದೊರೆಯಾಯಿತು. ನೇಗಿಲಿನ ಹೆಸರು ಊರಿಂದ ಊರಿಗೆ ಹರಡತೊಡಗಿತು.

ಕೆಲಸ ಒಂದು ಹದಕ್ಕೆ ಬರುತ್ತಿರುವಾಗಲೇ ಹೊಸದೊಂದು ಸಂಕಟ ಎದುರಾಯಿತು. ಅವರ ಕಾರ್ಖಾನೆಯಿದ್ದ ಜಾಗದಲ್ಲಿ ಹೊಸ ಬಡಾವಣೆಯನ್ನು ನಿರ್ಮಿಸಲು ಬೆಳಗಾವಿಯ ಪುರಸಭೆ ನಿರ್ಧರಿಸಿತು. ಜಾಗವನ್ನು ತೆರವು ಮಾಡಬೇಕೆಂದು ಆಜ್ಞೆಯಾಯಿತು. ಬೇರೆ ಕಡೆ ನೆಲ ಕೊಂಡು ಕಟ್ಟಡ ಕಟ್ಟಿಸುವಷ್ಟು ಹಣ ಅವರಲ್ಲಿರಲಿಲ್ಲ. ಯಂತ್ರಗಳನ್ನು ಎಲ್ಲಿಗೆ ಒಯ್ಯಬೇಕು, ನಂಬಿ ಬಂದ ಕೆಲಸಗಾರರನ್ನು ಏನು ಮಾಡಬೇಕು ಎಂಬ ಚಿಂತೆ ಅವರನ್ನು ಕಾಡಿತು. ಆಗ ಅವರ ನೆರವಿಗೆ ಬಂದವರು ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತಪ್ರತಿನಿಧಿಗಳು. ಲಕ್ಷ್ಮಣರಾಯರು ಔಂಧದಲ್ಲಿ ಕಟ್ಟಡದ ಕೆಲಸವೊಂದನ್ನು ನಡೆಸಿಕೊಡುತ್ತಿದ್ದುದರಿಂದ ಅರಸರಿಗೆ ಅವರ ಶಕ್ತಿ ಸಾಮರ್ಥ್ಯಗಳ ಪರಿಚಯವಿತ್ತು. ಅರಸರು ತಮ್ಮ ಸಂಸ್ಥಾನಕ್ಕೆ ಸೇರಿದ ಕುಂಡಲ್ ರೋಡ್ ರೈಲುನಿಲ್ದಾಣದ ಬಳಿಯಲ್ಲಿ 32 ಎಕರೆ ಭೂಮಿಯನ್ನು ಕೊಡಲು ಒಪ್ಪಿದರು. ಹತ್ತು ಸಾವಿರ ರೂಪಾಯಿಗಳ ಸಾಲವನ್ನೂ ಕೊಟ್ಟರು. ಸಹಾಯ ಅದೃಷ್ಟದಿಂದ ಬಂದಿತೆಂದು ಕೆಲವರು ಹೇಳಬಹುದು. ಅದೃಷ್ಟದ ಪಾಲನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೈಗೆತ್ತಿಕೊಂಡ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವವರೆಂಬ ಹೆಸರು ಮೊದಲೇ ಇಲ್ಲದಿದ್ದರೆ ಆ ಅದೃಷ್ಟ ಅವರ ಬಾಗಿಲಿಗೆ ಬರುತ್ತಿತ್ತೆ?

ಅರಸರು ಕೊಟ್ಟ ಭೂಮಿ ಹುಲ್ಲು ಕೂಡ ಸರಿಯಾಗಿ ಬೆಳೆಯದ ಬಂಜರು. ಎಲ್ಲಿ ನೋಡಿದರೂ ಪಾಪಾಸುಕಳ್ಳಿ. ಕಳ್ಳಿಯ ನೆರಳಲ್ಲಿ ನಾಗರಹಾವುಗಳು. ಕುಡಿಯುವ ನೀರಿಗೂ ತೊಂದರೆ. ಅಲ್ಲಿದ್ದ ಅನುಕೂಲವೆಂದರೆ ರೈಲು ಮಾತ್ರ. ಕಬ್ಬಿಣ, ಕಲ್ಲಿದ್ದಲು ತರಿಸುವುದಕ್ಕೂ ನೇಗಿಲುಗಳನ್ನು ದೂರದೂರಿಗೆ ಕಳುಹಿಸುವುದಕ್ಕೂ ಅದಕ್ಕಿಂತ ಮುಖ್ಯವಾದುದು ಬೇರೊಂದಿಲ್ಲವೆಂದು ಲಕ್ಷ್ಮಣರಾಯರು ಲೆಕ್ಕ ಹಾಕಿದರು. 1910ನೆಯ ಇಸವಿ ಮಾರ್ಚ್ 10ರಂದು ಅವರು 25 ಮಂದಿ ಕೆಲಸಗಾರರೂ ಅವರ ಕುಟುಂಬಗಳೂ ಕೂಡಿ ಆ ಬಯಲಿಗೆ ಬಂದಿಳಿದರು. ಬಿಸಿಲು ಏರುತ್ತಿದ್ದ ಕಾಲ. ಮೊದಲು ಕಳ್ಳಿಯನ್ನು ಕಡಿಯಬೇಕಾಯಿತು, ಹಾವುಗಳನ್ನು ಅಟ್ಟಬೇಕಾಯಿತು; ಅನಂತರ ಚಪ್ಪರ, ಗುಡಿಸಲು; ಅದಾದ ಮೇಲೆ ಎರಕದ ಮನೆ. ಸುಖವಾಗಿ ಬೆಳಗಾವಿಯಲ್ಲಿದ್ದ ಕುಟುಂಬಗಳು ಇಂತಹ ಕಡೆಗೆ ಅವರನ್ನು ನಂಬಿ ಬಂದುದು ಅಚ್ಚರಿಯ ವಿಷಯ. ಈ ಹೊಸ ಊರೇ ಕಿರ್ಲೋಸ್ಕರವಾಡಿ. ಇಂದು ಅದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ.

ವಾಡಿಯನ್ನು ಕಟ್ಟಿದವರ ಹೆಸರುಗಳನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಕೆ. ಕೆ. ಕುಲಕರ್ಣಿಯವರು ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದರು. ಮಂಗೇಶರಾವ್ ರೇಗೆ ಅವರ ಕೈಯಲ್ಲಿ ಲೆಕ್ಕಪತ್ರಗಳಿದ್ದವು. ಶಂಭುರಾವ್ ಜಾಂಭೇಕರರು ಯಂತ್ರ ಮತ್ತು ಎರಕದ ಕೆಲಸಗಳ ಹೊಣೆ ಹೊತ್ತರು. ಅನಂತರಾವ್ ಫಳಣೀಕರರು ಶಾಲೆಯ ಓದನ್ನು ನಡುವಿನಲ್ಲಿಯೇ ಬಿಟ್ಟವರು; ವಾಡಿಯಲ್ಲಿ ಅವರು ಜಾಣ ಯಂತ್ರನಿರ್ಮಾಪಕರಾಗಿ ಬೆಳೆದರು. ತಾನು ಎಲ್ಲವನ್ನೂ ಬಲ್ಲೆನೆಂದು ತಿಳಿಯುವ ಒಡೆಯನ ಬಳಿ ಇಂತಹ ಜನ ನಿಲ್ಲುವುದಿಲ್ಲ. ಒಬ್ಬೊಬ್ಬನಲ್ಲಿ ಅಡಗಿರುವ ಶಕ್ತಿಯನ್ನು ಗುರುತಿಸಿ, ಅದಕ್ಕೆ ತಕ್ಕ ಕೆಲಸವನ್ನು ವಹಿಸಿ, ಮತ್ತೆ ಮತ್ತೆ ಕೈಹಾಕದೆ ಬಿಟ್ಟುಬಿಡುವ ಗುಣ ಲಕ್ಷ್ಮಣರಾಯರಲ್ಲಿತ್ತು.

ಈ ಗುಣದ ಪರಮಾವಧಿಯನ್ನು ರಾತ್ರಿ ಕಾವಲಿನ ಏರ್ಪಾಡಿನಲ್ಲಿ ಕಾಣಬಹುದು. ಊರಾಚೆಯ ಆ ಬಯಲಿನಲ್ಲಿ ಕಳ್ಳರ ಭಯವಿತ್ತು. ಲಕ್ಷ್ಮಣರಾಯರು ಕಾವಲಿಗೆ ನೇಮಿಸಿದ್ದು ಹಿಂದೆ ಅಪರಾಧ ಮಾಡಿ ಶಿಕ್ಷೆ ಅನುಭವಿಸಿ ಬಂದಿದ್ದ ಇಬ್ಬರನ್ನು. ಇದು ಹುಚ್ಚು ಸಾಹಸವೆಂದು ತೋರುವುದು ಸಹಜ. ಆದರೆ ಊರೆಲ್ಲ ದೂರ ಇಟ್ಟಿದ್ದ ಆ ಇಬ್ಬರು ತಮ್ಮ ಮೇಲೆ ವಿಶ್ವಾಸವಿಟ್ಟ ಒಬ್ಬರನ್ನು ಕಂಡಾಗ ಆ ವಿಶ್ವಾಸಕ್ಕೆ ಎರಡು ಬಗೆಯಲಿಲ್ಲ. ವಾಡಿಯನ್ನು ಅವರು ನಿಷ್ಠೆಯಿಂದ ಕಾಯ್ದರು.

ಪರದೇಶಗಳಲ್ಲಿ ಕೆಲವು ಕಾರ್ಖಾನೆಯ ಒಡೆಯರು ಕೆಲಸಗಾರರಿಗಾಗಿ ಒಳ್ಳೆಯ ಊರುಗಳನ್ನು ಕಟ್ಟಿದ್ದ ಸಂಗತಿಯನ್ನು ಲಕ್ಷ್ಮಣರಾಯರು ಓದಿ ತಿಳಿದಿದ್ದರು. ತಮ್ಮ ವಾಡಿಯೂ ಅದೇ ರೀತಿ ಆಗಬೇಕೆಂದು ಅವರು ಬಯಸಿದರು. ಸಾಲಾಗಿ ಮನೆಗಳು ಎದ್ದವು, ಶಾಲೆ ನಡೆಯಿತು, ಕಳ್ಳಿಯಿದ್ದಲ್ಲಿ ಹೂಗಿಡಗಳು ಬಂದವು. ರಾಮುಅಣ್ಣನವರು ಊರಿನ ಹಿತವನ್ನು ನೋಡಿಕೊಳ್ಳುವುದರಲ್ಲಿ ಮುಂದಾಗಿದ್ದರು. ಅಸ್ಪೃಶ್ಯತೆಗೆ ವಾಡಿಯಲ್ಲಿ ಎಡೆಯಿರಲಿಲ್ಲ. ಕುಲುಮೆಯ ಮುಂದೆ ಕೂಡಿ ದುಡಿಯುವವರು ಬಾವಿಯ ಬಳಿ ದೂರ ನಿಲ್ಲಬೇಕೆಂಬುದು ಅವರಿಗೆ ಅರ್ಥವಾಗದ ಮಾತು. ಆ ಕಾಲದಲ್ಲಿ ಇಂತಹ ನಿಲುವನ್ನು ತಳೆದವರು ತಮ್ಮ ಬಂಧುಬಳಗದ ಕೋಪಕ್ಕೂ ಗುರಿಯಾಗಬೇಕಾಗಿತ್ತು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಹಡಗುಗಳು ಯುದ್ಧದ ಕೆಲಸಕ್ಕೆ ತೊಡಗಿದ್ದರಿಂದ ಇಂಗ್ಲೆಂಡಿನ ನೇಗಿಲುಗಳು ಬರುವುದು ಕಡಮೆಯಾಯಿತು. ಕಿರ್ಲೋಸ್ಕರರ ನೇಗಿಲಿಗೆ ಬೇಡಿಕೆ ಏರಿತು. ಆದರೆ ಬೇಡಿಕೆ ಏರಿದ ಹೊತ್ತಿಗೆ ಕಬ್ಬಿಣವೇ ಸಿಕ್ಕದಾಯಿತು. ಲಕ್ಷ್ಮಣರಾಯರು ಸಿಕ್ಕಲ್ಲೆಲ್ಲ ಹಳೆಯ ಕಬ್ಬಿಣಕ್ಕಾಗಿ ಹುಡುಕಿದರು. ಕೊಲ್ಲಾಪುರದ ಶಾಹೂ ಮಹಾರಾಜರ ಬಳಿ ಹಳೆಯ ಫಿರಂಗಿಗಳು ನಿರುಪಯೋಗವಾಗಿ ಬಿದ್ದಿದ್ದವು. ಮಹಾರಾಜರು ಅವನ್ನು ಕಾರ್ಖಾನೆಗೆ ಕೊಟ್ಟರು. ಯುರೋಪಿನಲ್ಲಿ ಕಬ್ಬಿಣವೆಲ್ಲ ಫಿರಂಗಿಯಾಗುತ್ತಿದ್ದಾಗ ಕಿರ್ಲೋಸ್ಕರವಾಡಿಯ ಕುಲುಮೆಯಲ್ಲಿ ಫಿರಂಗಿಗಳು ಕರಗಿ ನೇಗಿಲುಗಳಾದವು.

ಯುದ್ಧ ಮುಗಿದ ಮೇಲೆ ಉದ್ಯಮ ಬಹುಬೇಗ ಬೆಳೆಯಿತು. 1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಸಂಸ್ಥೆ ಷೇರುದಾರರ ಕಂಪನಿಯಾಗಿ ನೋಂದಾಯಿತವಾಯಿತು. ಅಣ್ಣತಮ್ಮಂದಿರ ಅಂಗಡಿ ಹೀಗೆ ಹಲವರ ಹಣಕ್ಕೆ ಲೆಕ್ಕ ಒಪ್ಪಿಸಬೇಕಾದ ಸಂಸ್ಥೆಯಾಯಿತು. ಅದೇ ವರ್ಷ ಸೋದರನ ಮಗ ಶಂಕರರಾಯರು ಒಂದು ಪತ್ರಿಕೆಯನ್ನು ಹೊರಡಿಸಿದರು. ಕಿರ್ಲೋಸ್ಕರರ ಸರಕುಗಳ ವಿಷಯವನ್ನು ಗಿರಾಕಿಗಳಿಗೆ ತಿಳಿಸುವುದಕ್ಕಾಗಿ ಹುಟ್ಟಿದ ಅದು ಕ್ರಮೇಣ ಮರಾಠಿಯ ಹೆಸರುವಾಸಿಯಾದ ಮಾಸಪತ್ರಿಕೆಯಾಗಿ, ಸಮಾಜ ಸುಧಾರಣೆಯ ವಿಚಾರಗಳನ್ನು ಮನೆಮನೆಗೆ ಮುಟ್ಟಿಸಿತು.

ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪುಗಳು ಒಂದಾದ ಮೇಲೊಂದು ವಾಡಿಯಲ್ಲಿ ತಯಾರಾದವು. 1926ರಲ್ಲಿ ಅವರು ತಯಾರಿಸಿದ ಅಪಕೇಂದ್ರ ಪಂಪು, ಎಂದರೆ ತಿರುಗುವ ಚಕ್ರದ ವೇಗದಿಂದ ನೀರನ್ನು ಮೇಲಕ್ಕೆ ತಳ್ಳುವ ಪಂಪು, ಬಾವಿಯಿಂದ ಕಪಿಲೆಯಲ್ಲಿ ನೀರೆತ್ತುತ್ತಿದ್ದ ರೈತನಿಗೆ ಹೊಸದೊಂದು ದಾರಿಯನ್ನು ತೆರೆಯಿತು. 1929ರ ಅನಂತರ ಜಗತ್ತಿನಲ್ಲೆಲ್ಲ ಆರ್ಥಿಕ ಕುಸಿತ ಉಂಟಾಗಿ ದವಸದ ಬೆಲೆ ಇಳಿಯಿತು. ಕೈಯಲ್ಲಿ ಕಾಸಿಲ್ಲದ ರೈತ ನೇಗಿಲನ್ನು ಹೇಗೆ ಕೊಂಡಾನು? ನೇಗಿಲೊಂದನ್ನೇ ನಂಬಿದ್ದರೆ ಕಾರ್ಖಾನೆ ಮುಚ್ಚುತ್ತಿತ್ತು. ಕಿರ್ಲೋಸ್ಕರರು ಕಬ್ಬಿಣದ ಪೀಠೋಪಕರಣಗಳನ್ನೂ ತಯಾರಿಸಿ ಕುಲುಮೆಯ ಬೆಂಕಿ ಆರದಂತೆ ನೋಡಿಕೊಂಡರು.

ಆ ಹೊತ್ತಿಗೆ ಎರಡನೆಯ ತಲೆಮಾರು ಕೆಲಸಕ್ಕೆ ಇಳಿದಿತ್ತು. ಲಕ್ಷ್ಮಣರಾಯರ ಮಗ ಶಂತನುರಾಯರು ಅಮೇರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಯಂತ್ರಶಾಸ್ತ್ರದ ಪದವಿ ಪಡೆದು 1926ರಲ್ಲಿ ಮರಳಿದರು. ತಂದೆ ಪುಸ್ತಕ ಪತ್ರಿಕೆಗಳಿಂದ, ಮಾಡಿ ನೋಡಿ ಕಲಿತುದನ್ನು ಮಗ ಕ್ರಮವಾಗಿ ಓದಿ ಬಂದರು. ಇಂಥ ಕಡೆ ಹಳಬರಿಗೂ ಹೊಸಬರಿಗೂ ಘರ್ಷಣೆ ಹುಟ್ಟಿ ಮನೆತನದ ಉದ್ಯಮಗಳು ಮುರಿದು ಬೀಳುವುದುಂಟು. ಲಕ್ಷ್ಮಣರಾಯರು ಹೊಣೆಯನ್ನು ಕ್ರಮಕ್ರಮವಾಗಿ ಕಿರಿಯರಿಗೆ ಬಿಟ್ಟುಕೊಟ್ಟರು.

ಯಂತ್ರವನ್ನು ತಯಾರಿಸುವ ಯಂತ್ರಗಳಿಗಾಗಿ ಭಾರತ ಪರದೇಶಗಳ ಕಡೆ ನೋಡುತ್ತಿದ್ದ ಕಾಲವದು. ಕೊರೆಯುವ, ಕಡೆಯುವ ಯಂತ್ರಗಳು ಇಲ್ಲಿಯೇ ಆಗದಿದ್ದರೆ ಕೈಗಾರಿಕೆಗೆ ಸ್ವಾತಂತ್ರ್ಯವಿಲ್ಲ. ಎರಡನೆಯ ಮಹಾಯುದ್ಧ ಈ ಕೊರತೆಯನ್ನು ಎಲ್ಲರ ಕಣ್ಣಿಗೂ ಕಾಣುವಂತೆ ಮಾಡಿತು. 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಂಪನಿ ಸ್ಥಾಪಿತವಾಯಿತು. ತುಂಗಭದ್ರೆಯ ದಂಡೆಯ ಆ ಊರಿನಲ್ಲಿ ಲೇತ್ ಯಂತ್ರಗಳು ತಯಾರಾದವು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಯಂತ್ರಾಪುರವೆಂದು ಹೆಸರಾಯಿತು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರುಗಳ ಕಾರ್ಖಾನೆಯೂ ಪುಣೆಯಲ್ಲಿ ಎಣ್ಣೆ ಎಂಜಿನುಗಳ ಕಾರ್ಖಾನೆಯೂ ಆರಂಭವಾದವು. ಹರಿಹರದ ಕಾರ್ಖಾನೆ ಆರು ದಶಕಗಳ ಕಾಲ ನಡೆದು ಈ ಶತಮಾನದ ಆರಂಭದಲ್ಲಿ ಮುಚ್ಚಿತು. ಅಲ್ಲಿ ದುಡಿಯುತ್ತಿದ್ದ ಕುಟುಂಬಗಳಿಗೆ ಅದರಿಂದಾದ ನೋವು ಚಿಕ್ಕದಲ್ಲ. ಕಟ್ಟುವುದಕ್ಕೆ ಬೇಕಾದ ಎಚ್ಚರ ಉಳಿಸಿಕೊಳ್ಳುವುದಕ್ಕೂ ಬೇಕೆಂಬುದನ್ನು ಕೈಗಾರಿಕೆಗಳ ಇತಿಹಾಸ ಅಲ್ಲಲ್ಲಿ ತೋರಿಸುತ್ತದೆ. ಬೇರೆ ಕಾರ್ಖಾನೆಗಳು ಬೆಳೆದವು. ಪಂಪುಗಳ ತಯಾರಿಕೆಯಲ್ಲಿ ಕಿರ್ಲೋಸ್ಕರ ಎಂಬ ಹೆಸರು ಹಳ್ಳಿಯ ಹೊಲಗದ್ದೆಗಳಲ್ಲಿ ಮನೆಮಾತಾಯಿತು.

ಲಕ್ಷ್ಮಣರಾವ್ ಕಿರ್ಲೋಸ್ಕರರು 1956ನೆಯ ಇಸವಿ ಸೆಪ್ಟೆಂಬರ್ 26ರಂದು ನಿಧನ ಹೊಂದಿದರು. ಆಗ ಅವರಿಗೆ 87 ವರ್ಷ ವಯಸ್ಸು. ಅವರು ಹುಟ್ಟಿ ನೂರು ವರ್ಷ ತುಂಬಿದ 1969ರ ಜೂನ್ 20ರಂದು ಭಾರತದ ಅಂಚೆ ಇಲಾಖೆ ಅವರ ಸ್ಮರಣೆಗಾಗಿ ಒಂದು ಅಂಚೆಚೀಟಿಯನ್ನು ಹೊರತಂದಿತು. ಪುಣೆಗೂ ಮೀರಜಿಗೂ ನಡುವಿನ ರೈಲುದಾರಿಯಲ್ಲಿ ಪ್ರಯಾಣ ಮಾಡುವವರಿಗೆ ಕುಂಡಲ್ ರೋಡ್ ಎಂಬ ನಿಲ್ದಾಣ ಈಗ ಸಿಗುವುದಿಲ್ಲ. ಅಲ್ಲಿಯ ಹಲಗೆಯ ಮೇಲೆ ಕಿರ್ಲೋಸ್ಕರವಾಡಿ ಎಂದು ಬರೆದಿದೆ.